ಫಿಲಾಸಫಿ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಸರ್, ನಾನು ಓದಿದ್ದು ಕಾಮರ್ಸ್. ಸತ್ಯ ಅಂದ್ರೇನು, ನಾವು ತಗೊಳ್ಳೋ ನಿರ್ಧಾರ ನಿಜವಾಗ್ಲೂ ನಮ್ದೇನಾ, ಇಂಥವೇ ತಲೆ ತಿಂತಾ ಇರ್ತವೆ. ಜರ್ಮನ್ ತತ್ವಜ್ಞಾನಿ ಕಾಂಟ್‌ನ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ ತಗೊಂಡೆ, ಪೀಠಿಕೆನೂ ದಾಟೋಕಾಗ್ಲಿಲ್ಲ. ಇದು ನನ್ನಿಂದ ಆಗೋದಾ?

ಉತ್ತರ: ಆಗುತ್ತೆ, ಆ ಪುಸ್ತಕ ಸದ್ಯಕ್ಕೆ ಎತ್ತಿಡಿ. 1781ರಲ್ಲಿ ಅದು ಬಂದಾಗ ಓದಿದವರಿಗೂ ತಲೆಬುಡ ಗೊತ್ತಾಗ್ದೆ, ಕಾಂಟ್ 1783ರಲ್ಲಿ ಅದನ್ನೇ ಬಿಡಿಸಿ ಹೇಳೋಕೆ ಇನ್ನೊಂದು ಚಿಕ್ಕ ಪುಸ್ತಕ ಬರೀಬೇಕಾಯ್ತು.

ದೊಡ್ಡ ಪ್ರಶ್ನೆನ ಇಡಿಯಾಗಿ ಹಿಡಿಯೋಕೆ ಹೋದ್ರೆ ಕೈಗೆ ಏನೂ ಸಿಗಲ್ಲ, ಅದರದ್ದೊಂದು ಸಣ್ಣ ತುಂಡು ಹಿಡ್ಕೊಂಡು ಜಗ್ಗಾಡಬೇಕು. ‘ಸತ್ಯ ಅಂದ್ರೇನು’ ಬಿಡಿ, ‘ನನಗೆ ಗೊತ್ತು’ ಅಂತ ಯಾವಾಗ ಹೇಳ್ಬಹುದು ಅಂತ ಕೇಳ್ಕೊಳ್ಳಿ. ಹಳೇ ಉತ್ತರ ಹೀಗಿದೆ: ನಾನು ಅದನ್ನ ನಂಬಿರ್ಬೇಕು, ಅದು ನಿಜ ಆಗಿರ್ಬೇಕು, ನಂಬೋಕೆ ಸರಿಯಾದ ಕಾರಣ ಇರ್ಬೇಕು. ಈಗ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ನ ಗಡಿಯಾರದ ಉದಾಹರಣೆ ನೋಡಿ. ಗೋಡೆ ಗಡಿಯಾರ 3 ಗಂಟೆ ತೋರಿಸ್ತಿದೆ, ನೀವು 3 ಅನ್ಕೊಂಡ್ರಿ, ಟೈಮೂ ಸರಿಯಾಗಿ 3ನೇ, ಆದ್ರೆ ಆ ಗಡಿಯಾರ ಹಿಂದಿನ ರಾತ್ರಿ 3ಕ್ಕೇ ನಿಂತುಹೋಗಿದೆ, ನಿಮಗದು ಗೊತ್ತಿಲ್ಲ. ನಂಬಿಕೆ ಇದೆ, ನಿಜಾನೂ ಹೌದು, ಗಡಿಯಾರ ನೋಡಿದ್ದು ಒಳ್ಳೇ ಕಾರಣಾನೇ. ಹಂಗಾದ್ರೆ ಟೈಮ್ ನಿಮಗೆ ಗೊತ್ತಿತ್ತಾ, ಇಲ್ಲಾ ಅದೃಷ್ಟಕ್ಕೆ ಹೊಂದ್ಕೊಳ್ತಾ?

1963ರಲ್ಲಿ ಎಡ್ಮಂಡ್ ಗೆಟಿಯರ್ ಅನ್ನೋ ತತ್ವಜ್ಞಾನಿ ಇದೇ ಜಾತಿಯ ಎರಡು ಉದಾಹರಣೆ ಇಟ್ಟು, ಆ ಮೂರು ಷರತ್ತು ಸಾಲಲ್ಲ ಅಂತ ಬರೀ ಮೂರು ಪುಟದ ಲೇಖನ ಬರೆದ, ಅವತ್ತು ಶುರುವಾದ ಜಗಳ ಇನ್ನೂ ನಿಂತಿಲ್ಲ. ‘ತಪ್ಪು ನಂಬಿಕೆ ಮೇಲೆ ನಿಂತಿರಬಾರದು’ ಅಂತ ನಾಲ್ಕನೇ ಷರತ್ತು ಸೇರಿಸಿದ್ರೆ ಗಡಿಯಾರದ ಕೇಸ್ ಮುಗೀತು ಅನ್ಸುತ್ತೆ, ಯಾಕಂದ್ರೆ ಅದು ನಡೀತಿದೆ ಅನ್ನೋ ನಂಬಿಕೆನೇ ಸುಳ್ಳಲ್ವಾ. ಆದ್ರೆ ದಾರಿಯುದ್ದಕ್ಕೂ ಮುಂಭಾಗ ಮಾತ್ರ ಇರೋ ನಕಲಿ ಮನೆಗಳ ಮಧ್ಯೆ ಅಸಲಿ ಮನೆ ಒಂದೇ ಇದ್ದು, ಅಪ್ಪಿತಪ್ಪಿ ಅದನ್ನೇ ನೋಡಿ ‘ಮನೆ’ ಅಂದ್ರೆ? ಇಲ್ಲಿ ಯಾವ ತಪ್ಪು ನಂಬಿಕೆನೂ ಇಲ್ಲ, ಆದ್ರೂ ಗೊತ್ತಿತ್ತು ಅನ್ನೋಕೆ ಮನಸ್ಸು ಒಪ್ಪಲ್ಲ. ಹೀಗೆ ಷರತ್ತು ಹಾಕೋದು, ಮುರಿಯೋದು, ಮತ್ತೆ ಹಾಕೋದು, ಪೆನ್ನು ಪೇಪರ್ ಇಟ್ಕೊಂಡು ನೀವೇ ಮಾಡಿ, ವಿಡಿಯೋ ನೋಡ್ತಾ ತಲೆ ಆಡಿಸಿದ್ರೆ ಇದು ಬರಲ್ಲ.

ಪುಸ್ತಕ ಬೇಕೇ ಬೇಕು ಅಂದ್ರೆ ಪ್ಲೇಟೋನ ‘ಯೂಥಿಫ್ರೋ’ ತಗೊಳ್ಳಿ, ಒಂದೇ ಸಲ ಕೂತು ಮುಗಿಸ್ಬಹುದು. ಒಂದು ಕೆಲಸ ದೇವತೆಗಳಿಗೆ ಇಷ್ಟ ಅಂತ ಅದು ಧರ್ಮಾನಾ, ಧರ್ಮ ಅಂತಾನೇ ಅವರಿಗೆ ಇಷ್ಟಾನಾ ಅಂತ ಸಾಕ್ರಟೀಸ್ ಯೂಥಿಫ್ರೋ ಅನ್ನೋನನ್ನ ಕೇಳ್ತಾನೆ. ಯೂಥಿಫ್ರೋ ಏನೇನೋ ಹೇಳಿ ಎಲ್ಲದರಲ್ಲೂ ಸಿಕ್ಕಾಕ್ಕೊಂಡು, ಕೊನೆಗೆ ಅರ್ಜೆಂಟ್ ಕೆಲಸ ಇದೆ ಅಂತ ಹೊರಟೇಹೋಗ್ತಾನೆ.