ಆರು ತಿಂಗಳಲ್ಲಿ ಮನೆ ಕೊಳ್ಳುವವರು ಈಗ ಕ್ರೆಡಿಟ್ ಫ್ರೀಜ್ ಮಾಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಅಮೆರಿಕಕ್ಕೆ ಬಂದು ಮೂರು ವರ್ಷ ಆಗಿದೆ. ಆಸ್ಪತ್ರೆಯೊಂದರ ಬಿಲ್ಲಿಂಗ್ ಕಂಪನಿಯಿಂದ ನಿಮ್ಮ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಸೋರಿಹೋಗಿದೆ ಅಂತ ಕಾಗದ ಬಂದಿದೆ. ಒಂದು ವರ್ಷ ಫ್ರೀ ಕ್ರೆಡಿಟ್ ಮಾನಿಟರಿಂಗ್ (ನಿಮ್ಮ ಹೆಸರಲ್ಲಿ ಹೊಸ ಸಾಲ ಎದ್ದರೆ ತಿಳಿಸುವ ಸೇವೆ) ಕೊಡುತ್ತೇವೆ ಅಂದಿದ್ದಾರೆ. ಆರು ತಿಂಗಳಲ್ಲಿ ಮನೆ ತಗೊಳ್ಳುವ ಯೋಚನೆ ಇದೆ, ಈಗ ಫ್ರೀಜ್ ಮಾಡಿದರೆ, ಅಂದರೆ ಹೊಸ ಸಾಲ ಕೊಡುವವರಿಗೆ ಕ್ರೆಡಿಟ್ ಫೈಲ್ ಕಾಣದಂತೆ ಮುಚ್ಚಿಸಿದರೆ, ಕ್ರೆಡಿಟ್ ಸ್ಕೋರ್ ಬಿದ್ದು ಲೋನ್ ಕೈತಪ್ಪುತ್ತದಾ ಅನ್ನುವುದು ಭಯ. ಅಷ್ಟೇ ಅಲ್ವಾ?

ಸ್ಕೋರ್ ಒಂದು ಪಾಯಿಂಟೂ ಬೀಳುವುದಿಲ್ಲ. ಲೋನ್ ಸಮಯದಲ್ಲಿ ಒಂದಿಷ್ಟು ಕಿರಿಕಿರಿ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಇವತ್ತು ರಾತ್ರಿ ಊಟ ಆದಮೇಲೆ ಕೂತು ಮಾಡಿ ಮುಗಿಸಿ.

ನಾನು ಮುಗಿಸಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಈಕ್ವಿಫ್ಯಾಕ್ಸ್ ಅನ್ನುವ ಕ್ರೆಡಿಟ್ ಬ್ಯೂರೋದಿಂದ (ಜನರ ಸಾಲದ ಲೆಕ್ಕ ಇಟ್ಟುಕೊಳ್ಳುವ ಕಂಪನಿ) ಸುಮಾರು 14.3 ಕೋಟಿ ಜನರ ಮಾಹಿತಿ ಕಳುವಾಗಿದೆ ಅಂತ ಸುದ್ದಿ ಬಂತು. ಆಗ ಫ್ರೀಜ್ ಮಾಡುವುದಕ್ಕೆ ಅನೇಕ ರಾಜ್ಯಗಳಲ್ಲಿ ದುಡ್ಡು ಕೊಡಬೇಕಿತ್ತು. ಸುಮ್ನೆ ಯಾಕೆ ಖರ್ಚು ಅಂತ ಬಿಟ್ಟೆ. ಆಮೇಲೆ ಕಾನೂನು ಬದಲಾಗಿ 2018ರ ಸೆಪ್ಟೆಂಬರ್ 21ರಿಂದ ದೇಶಕ್ಕೆಲ್ಲ ಫ್ರೀ ಆಯಿತು. ಆಗಲೂ ಮಾಡಲಿಲ್ಲ. ಆಗ ದುಡ್ಡಿನ ನೆಪವೂ ಇರಲಿಲ್ಲ, ಬರೀ ಸೋಮಾರಿತನ.

2019ರ ಫೆಬ್ರವರಿಯಲ್ಲಿ ಒಂದು ತೆಳ್ಳಗಿನ ಕವರ್ ಬಂತು. ಸಾಲ ವಸೂಲಿ ಮಾಡುವವರದು. ಫ್ಲಾರಿಡಾದ ಒಂದು ಫರ್ನಿಚರ್ ಅಂಗಡಿಯ ಕಾರ್ಡಿನಲ್ಲಿ 1,126 ಡಾಲರ್ ಬಾಕಿ ಇದೆಯಂತೆ. ನಾನಿರುವುದು ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ, ಫ್ಲಾರಿಡಾ ನೋಡೇ ಇರಲಿಲ್ಲ. ಮೋಸದ ಕಾಗದ ಇರಬೇಕು ಅಂತ ಹರಿಯಲು ಹೊರಟವನು ಹೆಸರು ನೋಡಿ ನಿಂತೆ. ಮಧ್ಯದಲ್ಲಿ ಅಪ್ಪನ ಹೆಸರು ಸಮೇತ, ಒಂದು ಅಕ್ಷರವೂ ತಪ್ಪಿಲ್ಲ. ನನ್ನ ಸ್ವಂತ ಬ್ಯಾಂಕಿನವರು ಇವತ್ತಿಗೂ ಅಷ್ಟು ಸರಿಯಾಗಿ ಬರೆಯುವುದಿಲ್ಲ! ಆ್ಯನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ರಿಪೋರ್ಟ್ ತೆಗೆದರೆ, ನಾನು ಎಂದೂ ವಾಸವಿರದ ವಿಳಾಸವೊಂದು ಅಲ್ಲಿ ಆರಾಮಾಗಿ ಕೂತಿತ್ತು.

ಐಡೆಂಟಿಟಿ ಥೆಫ್ಟ್ ಡಾಟ್ ಗೌ ಅನ್ನುವ ಸರ್ಕಾರಿ ಸೈಟಿನಲ್ಲಿ ದೂರು ಕೊಟ್ಟೆ. ಪೊಲೀಸ್ ರಿಪೋರ್ಟ್ ಮಾಡಿಸಿದೆ, ಬ್ಯೂರೋಗಳಿಗೆಲ್ಲ ಕಾಗದ ಬರೆದೆ. ಬ್ಯೂರೋದವರು ಆ ಸಾಲವನ್ನು ರಿಪೋರ್ಟಿನಿಂದ ಬೇಗ ತೆಗೆದರು, ವಸೂಲಿಯವರು ಬಿಡಲಿಲ್ಲ. ನಾಲ್ಕು ತಿಂಗಳು ಮಧ್ಯಾಹ್ನದ ಊಟದ ಹೊತ್ತು ಫೋನ್ ಹೋಲ್ಡ್‌ನಲ್ಲೇ ಕಳೆಯಿತು. ಅದರ ನಡುವೆ ಫ್ರೀಜ್ ಮಾಡಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ.

ಫ್ರೀಜ್ ಅಂದರೆ ಇಷ್ಟೇ. ಯಾರಾದರೂ ನಿಮ್ಮ ಹೆಸರಲ್ಲಿ ಕಾರ್ಡೋ ಸಾಲವೋ ಕೇಳಿದಾಗ ಕೊಡುವವರು ಬ್ಯೂರೋಗೆ ಹೋಗಿ ನಿಮ್ಮ ಫೈಲ್ ತೋರಿಸಿ ಅನ್ನುತ್ತಾರೆ. ಫ್ರೀಜ್ ಇದ್ದರೆ ಬ್ಯೂರೋ ತೋರಿಸುವುದಿಲ್ಲ. ಫೈಲ್ ನೋಡದೆ ಸಾಮಾನ್ಯವಾಗಿ ಯಾರೂ ಸಾಲ ಕೊಡುವುದಿಲ್ಲ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಬೇರೆ ಬೇರೆಯಾಗಿ ಮಾಡಬೇಕು, ಒಂದರಲ್ಲಿ ಮಾಡಿದರೆ ಇನ್ನೆರಡಕ್ಕೆ ತಿಳಿಯುವುದಿಲ್ಲ. (ಊರಿನಲ್ಲಿ ಸಿಬಿಲ್ ಸಿಬಿಲ್ ಅನ್ನುತ್ತೇವಲ್ಲ, ಅದೂ ಈ ಟ್ರಾನ್ಸ್‌ಯೂನಿಯನ್ ಮನೆಯದೇ.) ಸೈಟಿನಲ್ಲಿ ತಿಂಗಳಿಗೆ ಇಷ್ಟು ಅಂತ 'ಲಾಕ್' ಪ್ಲಾನ್ ಮುಂದೆ ತಂದು ನಿಲ್ಲಿಸಿದರೆ ಅದನ್ನು ಒತ್ತಬೇಡಿ. ಅದು ಕಂಪನಿಯ ಸರಕು. ಫ್ರೀಜ್ ಕಾನೂನು ಕೊಟ್ಟ ಹಕ್ಕು, ಅದಕ್ಕೆ ಒಂದು ಪೈಸೆ ಇಲ್ಲ.

ಈಗ ನಮ್ಮವರಿಗೇ ಇರುವ ತಲೆನೋವು: ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಊರಿನ ಹೆಸರು, ಲೈಸೆನ್ಸಿನಲ್ಲಿ ಅಪ್ಪನ ಹೆಸರು, ಮೊದಲ ಕ್ರೆಡಿಟ್ ಕಾರ್ಡಿನಲ್ಲಿ ಬರೀ ಇನಿಶಿಯಲ್. ಆನ್‌ಲೈನಿನಲ್ಲಿ ಅಕೌಂಟ್ ತೆರೆಯಲು ಹೋದರೆ 'ನಿಮ್ಮನ್ನು ಗುರುತಿಸಲಾಗಲಿಲ್ಲ' ಅನ್ನುತ್ತದೆ. ನನಗೆ ಎರಡು ಬ್ಯೂರೋ ಹತ್ತು ನಿಮಿಷದಲ್ಲಿ ಆದವು. ಮೂರನೆಯದು ಹಳೆಯ ವಿಳಾಸದ ಬಗ್ಗೆ ಏನೇನೋ ಪ್ರಶ್ನೆ ಕೇಳಿ ಹೊರಗೆ ಹಾಕಿತು. ಎಸ್‌ಎಸ್‌ಎನ್ ಕಾರ್ಡ್, ಲೈಸೆನ್ಸ್, ಕರೆಂಟ್ ಬಿಲ್ ಮೂರರ ಕಾಪಿ ಪೋಸ್ಟಿನಲ್ಲಿ ಕಳಿಸಿದೆ. ಬಿಲ್ ಹಳೆಯದಾಯಿತು ಅಂತ ಒಂದು ಸಲ ವಾಪಸ್ ಬಂತು. ಮತ್ತೆ ಕಳಿಸಿದೆ. ಮೂರು ವಾರ ಹಿಡಿಯಿತು.

ನೀವು ಈಗಲೇ ಮಾಡಬೇಕು ಅನ್ನುವುದಕ್ಕೆ ಇದೇ ದೊಡ್ಡ ಕಾರಣ. ನಿಮ್ಮ ಹೆಸರು, ವಿಳಾಸ ಯಾವುದೋ ಬ್ಯೂರೋದಲ್ಲಿ ಅಡ್ಡಾದಿಡ್ಡಿ ಇದ್ದರೆ ಮನೆ ಲೋನಿನವರು ಹೇಗೂ ಅದನ್ನು ಹಿಡಿಯುತ್ತಾರೆ, ಯಾಕೆಂದರೆ ಅವರು ಸಾಮಾನ್ಯವಾಗಿ ಮೂರೂ ಬ್ಯೂರೋದಿಂದ ರಿಪೋರ್ಟ್ ತರಿಸುತ್ತಾರೆ. ಬಿಲ್ಡರ್ ಕೊಟ್ಟ ಗಡುವು ತಲೆ ಮೇಲೆ ಕೂತಿರುವಾಗ ಅದು ಗೊತ್ತಾಗುವುದಕ್ಕಿಂತ ಈಗ ಗೊತ್ತಾಗಲಿ.

ಲೋನ್ ಹೊತ್ತಿಗೆ ಫ್ರೀಜ್ ಪೂರ್ತಿ ತೆಗೆಯಬೇಕಾಗಿಲ್ಲ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಸಡಿಲಿಸಬಹುದು, ದಿನ ಮುಗಿದರೆ ತಾನೇ ಮತ್ತೆ ಬಿಗಿಯಾಗುತ್ತದೆ. ಆನ್‌ಲೈನ್ ಅಥವಾ ಫೋನಿನಲ್ಲಿ ಕೇಳಿದರೆ ಒಂದು ಗಂಟೆಯೊಳಗೆ ಸಡಿಲಿಸಬೇಕು ಅಂತ ಕಾನೂನು ಇದೆ. ಕ್ಲೋಸಿಂಗ್ (ಸಹಿ ಹಾಕಿ ಮನೆ ನಿಮ್ಮದಾಗುವ ದಿನ) ಮುಂಚೆ ಇನ್ನೊಮ್ಮೆ ರಿಪೋರ್ಟ್ ನೋಡುವುದು ಸಾಮಾನ್ಯ, ಹಾಗಾಗಿ ನಿಮ್ಮ ಲೋನ್ ಆಫೀಸರನ್ನು ಯಾವ್ಯಾವ ದಿನ ಬೇಕು ಅಂತ ಮೊದಲೇ ಕೇಳಿ.

ಕಿರಿಕಿರಿ ಅಂದೆನಲ್ಲ, ಅದರ ಸ್ಯಾಂಪಲ್ ಕೇಳಿ. ಎರಡು ವರ್ಷ ಬಿಟ್ಟು ಕಾರ್ ತಗೊಳ್ಳಲು ಹೋಗಿದ್ದೆ. ಶನಿವಾರ ಸಂಜೆ ಐದೂವರೆ. ಬೆಲೆ ಚೌಕಾಸಿ ಎಲ್ಲ ಮುಗಿದು ಫೈನಾನ್ಸ್ ಟೇಬಲ್ ಮುಂದೆ ಕೂತಾಗ ಆ ಹುಡುಗ ಸ್ಕ್ರೀನ್ ನೋಡಿ, ಸರ್, ನಿಮ್ಮ ಫೈಲ್ ಫ್ರೀಜ್ ಆಗಿದೆ ಅಂದ. ನನಗೆ ಮರೆತೇಹೋಗಿತ್ತು. ಪಾಸ್‌ವರ್ಡೂ ಮರೆತಿತ್ತು. ಪಾರ್ಕಿಂಗ್‌ಗೆ ಹೋಗಿ ಹೆಂಡತಿಗೆ ಫೋನ್ ಮಾಡಿದೆ. ಅಡುಗೆಮನೆ ಡ್ರಾಯರಿನಲ್ಲಿ ಹಳೆಯ ಒಂಟಿಕೊಪ್ಪಲ್ ಪಂಚಾಂಗ ಇತ್ತು, ಅದರ ಕೊನೇ ಪುಟದಲ್ಲಿ ಬರೆದಿಟ್ಟಿದ್ದೆ. ಅವಳು ಫೋಟೋ ತೆಗೆದು ವಾಟ್ಸಾಪ್ ಮಾಡಿದಳು. ರಾಹುಕಾಲದ ಪಟ್ಟಿಯ ಕೆಳಗೆ ಬ್ಯೂರೋ ಪಾಸ್‌ವರ್ಡು! ಇಪ್ಪತ್ತು ನಿಮಿಷದಲ್ಲಿ ಕೆಲಸ ಆಯಿತು. ನೀವು ಪಂಚಾಂಗದಲ್ಲಿ ಬರೆಯಬೇಡಿ, ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಇಡಿ. ಆದರೆ ಲೆಕ್ಕ ಹಾಕಿ ನೋಡಿ: ಇಲ್ಲಿ ಇಪ್ಪತ್ತು ನಿಮಿಷ, ಅಲ್ಲಿ ನಾಲ್ಕು ತಿಂಗಳು.

ಫ್ರೀಜ್ ಬೇಡ, ಫ್ರಾಡ್ ಅಲರ್ಟ್ ಸಾಕು ಅನ್ನುವವರಿದ್ದಾರೆ. ಅದನ್ನು ಒಂದು ಬ್ಯೂರೋಗೆ ಹೇಳಿದರೆ ಸಾಕು, ಮಿಕ್ಕವಕ್ಕೆ ಅವರೇ ತಿಳಿಸುತ್ತಾರೆ, ಒಂದು ವರ್ಷ ಇರುತ್ತದೆ. ಸಾಲ ಕೊಡುವವರು ಕೇಳುತ್ತಿರುವುದು ನೀವೇ ಹೌದಾ ಅಂತ ವಿಚಾರಿಸಬೇಕು. ನನ್ನ ಕಣ್ಣಿಗೆ ಅದು ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಬೋರ್ಡ್ ತೂಗುಹಾಕಿದ ಹಾಗೆ. ಒಳಗೆ ನಾಯಿ ಇದೆ ಅಂತ ಗ್ಯಾರಂಟಿ ಇಲ್ಲ.

ಫ್ರೀಜ್ ಮಾಡಿದರೂ ಕೆಲವು ಕಡೆ ಕಳ್ಳ ಬರಬಹುದು. ಈಗಾಗಲೇ ಇರುವ ಕಾರ್ಡನ್ನು ಉಜ್ಜಿದರೆ ಫ್ರೀಜ್ ತಡೆಯುವುದಿಲ್ಲ. ನಿಮ್ಮ ಎಸ್‌ಎಸ್‌ಎನ್ ಹಾಕಿ ಬೇರೆಯವರು ಟ್ಯಾಕ್ಸ್ ರಿಫಂಡ್ ಹೊಡೆಯುವುದನ್ನೂ ತಡೆಯುವುದಿಲ್ಲ. ಅದಕ್ಕೆ ಐಆರ್‌ಎಸ್ (ಇಲ್ಲಿನ ಟ್ಯಾಕ್ಸ್ ಇಲಾಖೆ) ಸೈಟಿನಲ್ಲಿ ಐಪಿ ಪಿನ್ ತಗೊಳ್ಳಿ. ಆರು ಅಂಕಿ, ಪ್ರತಿ ವರ್ಷ ಹೊಸದು. ಅದಿಲ್ಲದೆ ನಿಮ್ಮ ಎಸ್‌ಎಸ್‌ಎನ್ ಮೇಲೆ ಯಾರೂ ಆನ್‌ಲೈನಿನಲ್ಲಿ ರಿಟರ್ನ್ ಸಲ್ಲಿಸಲಾಗದು. ಬ್ಯಾಂಕ್ ಅಕೌಂಟ್ ತೆರೆಯುವಾಗ ಅನೇಕ ಬ್ಯಾಂಕುಗಳು ನೋಡುವುದು ಚೆಕ್ಸ್‌ಸಿಸ್ಟಮ್ಸ್ ಅನ್ನುವ ಬೇರೆಯೇ ದಫ್ತರವನ್ನು. ಅಲ್ಲೂ ಫ್ರೀಜ್ ಫ್ರೀ. ಇವೆರಡನ್ನು ವಾರಾಂತ್ಯಕ್ಕೆ ಇಟ್ಟುಕೊಳ್ಳಿ.

ಆ ಒಂದು ವರ್ಷದ ಮಾನಿಟರಿಂಗನ್ನು ಬಿಡಬೇಡಿ, ಫ್ರೀ ತಾನೆ. ಆದರೆ ಅದು ಕಳ್ಳ ಒಳಗೆ ಬಂದ ಮೇಲೆ ಗಂಟೆ ಬಾರಿಸುತ್ತದೆ. ನಿಮ್ಮ ಎಸ್‌ಎಸ್‌ಎನ್ ಮಾತ್ರ ವರ್ಷ ಕಳೆದರೂ ಅದೇ ನಂಬರ್.

ಗಂಡ ಹೆಂಡತಿ ಒಟ್ಟಿಗೆ ಲೋನ್ ಹಾಕುತ್ತಿದ್ದರೆ ಇಬ್ಬರದೂ ಬೇರೆ ಬೇರೆ ಫೈಲ್, ಒಟ್ಟು ಆರು ಫ್ರೀಜ್. ಇಲ್ಲಿ ಹುಟ್ಟಿದ ಮಗುವಿದ್ದರೆ ಹದಿನಾರು ತುಂಬುವವರೆಗೆ ಅಪ್ಪ ಅಮ್ಮನೇ ಅದರ ಹೆಸರಲ್ಲಿ ಫ್ರೀಜ್ ಹಾಕಬಹುದು, ಬರ್ತ್ ಸರ್ಟಿಫಿಕೇಟ್ ಕಾಪಿ ಪೋಸ್ಟ್ ಮಾಡಬೇಕು. ನಮ್ಮ ಮಗಳಿಗೆ ಮಾಡಿಸಿದಾಗ ಮೂರು ಕವರಿಗೂ ಸ್ಟ್ಯಾಂಪ್ ಅಂಟಿಸಿದ್ದು ಅವಳೇ. ಅವಳಿಗಾಗ ನಾಲ್ಕು ವರ್ಷ, ಎರಡು ಸ್ಟ್ಯಾಂಪ್ ತಲೆಕೆಳಗಾಗಿದ್ದವು. ಆದರೂ ತಲುಪಿದವು.