ಭಟ್ಟಿ ಮುಂದೆ ನಿಂತವನಿಗೆ ಕೋರ್ಸ್ ಯಾಕೆ?

ರಿಸಲ್ಟ್ ಬಂದ ಮೇಲೆ, ಮಕ್ಕಳಿಗೆ ಮುಂದೆ ಏನು ಓದಿಸಬೇಕು ಅಂತ ಸಲಹೆ ಕೇಳಲು ಹುಬ್ಬಳ್ಳಿಯ ನನ್ನ ಕೋಣೆಗೆ ಎರಡು ತರಹದ ಮನೆಯವರು ಬರುತ್ತಾರೆ. ಭಟ್ಟಿ ಮುಂದೆ ಒಂದು ದಿನವೂ ನಿಲ್ಲದ ಮಗಳಿಗೆ ಬೆಂಗಳೂರಿನ ದುಬಾರಿ ಬೇಕರಿ ಕೋರ್ಸ್ ಕೊಡಿಸಲು ಸಾಲಕ್ಕೆ ಓಡಾಡುವವರು ಒಂದು ಕಡೆ. ಕೈಯಲ್ಲಿ ಕಸುಬು ಇರುವ ಮಗನಿಗೆ 'ಸರ್ಟಿಫಿಕೇಟ್ ಎಲ್ಲೈತಿ?' ಅಂತ ಹಂಗಿಸುವವರು ಇನ್ನೊಂದು ಕಡೆ. ಈ ಪ್ರಕರಣ ಎರಡನೆಯದು.

ಹುಡುಗನನ್ನು ಮಂಜು ಅನ್ನೋಣ. ಗುರುತು ಸಿಗುವ ವಿವರ ಬದಲಿಸಿದ್ದೇನೆ. ಹಾವೇರಿ ಕಡೆಯವನು, ಪಿಯುಸಿ ಮುಗಿಸಿ ಹುಬ್ಬಳ್ಳಿಯಲ್ಲಿ ಸೋದರಮಾವನ ಬೇಕರಿ ಸೇರಿದವನು. ಅವ್ವ ಈಗ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಮಾಡಲಿ ಅಂತ ಹಟ ಹಿಡಿದಿದ್ದರು. ಕಾರಣವನ್ನೂ ಮುಚ್ಚಿಡಲಿಲ್ಲ: "ಬೇಕರ್ಯಾಗ ದುಡಿಯಾಂವ ಅಂದ್ರ ಯಾರ್ ಹೆಣ್ಣ ಕೊಡ್ತಾರ್ರಿ?"

ಮಂಜುಗೆ ಕಲಿಕೆಯ ಮಾತೇ ಬೇಡವಾಗಿತ್ತು. "ಕಾಲೇಜಿನ್ಯಾಗ ಕಲತಾವ್ರು ನಮ್ಮ ಭಟ್ಟಿ ಮುಂದ ಒಂದ ತಾಸ ನಿಂದ್ರಂಗಿಲ್ಲರಿ" ಅಂದ. ಅದರಲ್ಲಿ ಸುಳ್ಳೇನಿಲ್ಲ. ಏಪ್ರಿಲ್ ಬಿಸಿಲಿಗೆ ಹಿಟ್ಟು ಬೇಗ ಉಕ್ಕುತ್ತದೆ ಅಂತ ಐಸ್ ನೀರು ಹಾಕಿ ನಾದುವುದು, ಪಾವ್ ಬೆಂದಿದೆಯಾ ಅಂತ ತಳ ತಟ್ಟಿ ಸದ್ದು ಕೇಳುವುದು, ಇವೆಲ್ಲ ಅವನಿಗೆ ಕೈವಶ.

ಎರಡನೇ ಭೇಟಿಯಲ್ಲಿ ಡಿಗ್ರಿ ವಿಷಯ ಎತ್ತಲೇ ಇಲ್ಲ. ಬೇಕರಿಯಲ್ಲಿ ತುಂಬಾ ಬೇಜಾರಾದ ದಿನ ಯಾವುದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ. ಮಳೆಗಾಲ ಶುರುವಾಗುವ ಸೆಕೆಯಲ್ಲಿ ಒಂದು ಸಲ ಬ್ರೆಡ್ಡೆಲ್ಲ ವಾಪಸ್ ಬಂತಂತೆ. ಮೇಲೆ ನೋಡಿದರೆ ಚೆನ್ನಾಗಿದೆ. ಮುರಿದರೆ ಒಳಗೆ ಅಂಟಂಟು, ಎಳೆದರೆ ನೂಲಿನ ಹಾಗೆ ಬರುತ್ತದೆ, ಕೊಳೆತ ಹಣ್ಣಿನ ವಾಸನೆ. ಮಾವ ದೃಷ್ಟಿ ಆಗಿದೆ ಅಂದರು. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ವಾರದೊಳಗೆ ಮತ್ತೆ ಅದೇ ಆಯಿತು.

"ಯಾಕಂತ ಗೊತ್ತಿದ್ರ ಎರಡನೇ ಸಲ ಆಗತಿರಲಿಲ್ಲರಿ" ಅಂದ ಮಂಜು. ತಲೆ ತಗ್ಗಿಸಿ ತನಗೆ ತಾನೇ ಹೇಳಿಕೊಂಡಂತಿತ್ತು.

ನಾನು ಬೇಕರಿ ಬಲ್ಲವನಲ್ಲ. ಧಾರವಾಡದಲ್ಲಿ ಆಹಾರ ವಿಜ್ಞಾನ ಪಾಠ ಮಾಡುವ ಪರಿಚಯದವರಿಗೆ ಅಲ್ಲೇ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ಮೈದಾದಲ್ಲಿ ಇರುವ ಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಭಟ್ಟಿಯಲ್ಲೂ ಸಾಯುವುದಿಲ್ಲವಂತೆ. ಭಟ್ಟಿ ಎಷ್ಟೇ ಕಾದಿರಲಿ, ಬ್ರೆಡ್ಡಿನ ಒಳಭಾಗ 100 ಡಿಗ್ರಿ ದಾಟುವುದಿಲ್ಲ. ಆಮೇಲೆ ಸೆಕೆ, ತೇವ ಸಿಕ್ಕರೆ ಅವು ಬೆಳೆಯುತ್ತವೆ. ಬ್ರೆಡ್ ಪೂರ್ತಿ ಆರಿದ ಮೇಲೆ ಪ್ಯಾಕ್ ಮಾಡಬೇಕು, ಹಿಟ್ಟಿಗೆ ಸ್ವಲ್ಪ ವಿನೆಗರ್ ಅಥವಾ ಬ್ರೆಡ್ ಕೆಡದಂತೆ ತಡೆಯುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಅಳತೆಯಲ್ಲಿ ಹಾಕಬೇಕು, ಟೇಬಲ್ಲು, ಟ್ರೇ ಎಲ್ಲ ವಿನೆಗರ್ ನೀರಿನಲ್ಲಿ ಒರೆಸಬೇಕು. ಮಂಜು ನನ್ನ ಟೇಬಲ್ ಮೇಲಿದ್ದ ಪೆನ್ನು ತಗೊಂಡು ಅಂಗೈ ಮೇಲೆ ಬರೆದುಕೊಂಡ. "ಬಿಸಿ ಇದ್ದಾಗ ಕವರಿಗೆ ತುಂಬತಿದ್ವಿರಿ" ಅಂದ.

ಡಿಗ್ರಿ ಬೇಡ, ಸಣ್ಣ ಕೋರ್ಸ್ ಮಾಡು ಅಂತ ಹೇಳಿದೆ. ಬಡವರ ಹುಡುಗನ ಡಿಗ್ರಿ ತಪ್ಪಿಸಿದಿರಿ ಅಂತ ಒಬ್ಬ ಸಹೋದ್ಯೋಗಿ ಬೇಸರ ಮಾಡಿಕೊಂಡರು. ಆದರೆ ಹೋಟೆಲ್ ಮ್ಯಾನೇಜ್‌ಮೆಂಟ್‌ನಲ್ಲಿ ಬೇಕರಿ ಒಂದು ತುಂಡು ಅಷ್ಟೇ. ಉಳಿದದ್ದು ಅಡುಗೆ, ಸರ್ವಿಸ್, ರೂಮು, ರಿಸೆಪ್ಶನ್. ದೊಡ್ಡ ಹೋಟೆಲ್ಲೋ ಪರದೇಶವೋ ಅವನ ಕನಸಾಗಿದ್ದರೆ ನಾನೇ ಫಾರ್ಮ್ ತುಂಬಿಸುತ್ತಿದ್ದೆ, ಅಲ್ಲಿ ಆ ಕಾಗದವಿಲ್ಲದೆ ಬಾಗಿಲು ತೆರೆಯುವುದಿಲ್ಲ. ಇವನಿಗೆ ಬೇಕಾದದ್ದು ಸ್ವಂತ ಬೇಕರಿ. ಅದಕ್ಕೆ ಬೆಂಗಳೂರು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಇದೆ, ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಸಣ್ಣ ಕೋರ್ಸ್‌ಗಳಿವೆ. ಒಂದು ವರ್ಷ ಕೊಡಲು ಆದರೆ ಐಟಿಐಯಲ್ಲಿ ಬೇಕರ್ ಅಂಡ್ ಕನ್ಫೆಕ್ಷನರ್ ಟ್ರೇಡ್ ಇದೆ. ಕೆಲಸದಲ್ಲೇ ಕಲಿತವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ವ್ಯವಸ್ಥೆಯನ್ನೂ ಅವ್ವನಿಗೆ ತಿಳಿಸಿದೆ. ಅವರ ಚಿಂತೆಯನ್ನು ಮೂಢತನ ಅಂತ ತಳ್ಳಿಹಾಕುವುದು ಸುಲಭ. ಹೆಣ್ಣು ಕೇಳಲು ಹೋಗುವವರು ಅವರು, ನಾನಲ್ಲ.

ಇದೇ ಸಲಹೆಯನ್ನು ಮೊದಲ ತರಹದ ಮನೆಯವರಿಗೆ ತಿರುಗಿಸಿ ಹೇಳುತ್ತೇನೆ. ಮೊದಲು ಕೆಲವು ತಿಂಗಳು ಯಾವುದಾದರೂ ಬೇಕರಿಯಲ್ಲಿ ಬೆಳಗಿನ ಜಾವದ ಪಾಳಿ ಮಾಡಲಿ, ಪ್ರಶ್ನೆಗಳು ಹುಟ್ಟಲಿ, ಆಮೇಲೆ ಫೀಸು ಕಟ್ಟಿ. ಹೆಣ್ಣುಮಕ್ಕಳನ್ನು ಭಟ್ಟಿ ಕೆಲಸಕ್ಕೆ ಸೇರಿಸಿಕೊಳ್ಳುವ ಬೇಕರಿ ನಮ್ಮ ಕಡೆ ಸಿಗುವುದೇ ಕಷ್ಟ ಅನ್ನುವುದು ಬೇರೆಯೇ ತಲೆನೋವು. ಅದಕ್ಕೆ ನನ್ನ ಹತ್ತಿರ ಇನ್ನೂ ಸರಿಯಾದ ಉತ್ತರ ಇಲ್ಲ.

ಮಾವ ಒಪ್ಪಿದ್ದಾರೆ. ಕೋರ್ಸ್ ಮುಗಿಯುವ ತನಕ ಅರ್ಧ ಪಗಾರ ಕೊಡುತ್ತಾರಂತೆ, ಆದರೆ ಗಣೇಶನ ಹಬ್ಬದ ಆರ್ಡರ್ ಮುಗಿಯುವವರೆಗೆ ಮಂಜು ಎಲ್ಲೂ ಹೋಗುವ ಹಾಗಿಲ್ಲ.