ಎಡಮುರಿಯೂ ಅಲ್ಲ, ಬಲಮುರಿಯೂ ಅಲ್ಲ

ನಮಸ್ಕಾರ.

ಬೆಲ್ಲೆರೋಫಾನ್ ಎಂಬ ಅಳಿದುಹೋದ ಸಮುದ್ರ ಬಸವನಹುಳುವಿನ ವರ್ಗೀಕರಣದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಪುಟ ಪೂರ್ತಿ ಗ್ರೀಕ್ ವೀರನ ಕತೆ. ಹೆಸರು ಅಲ್ಲಿಂದ ಬಂತು, ಸರಿ. ಒಂದು ಸಾಲು ಸಾಕು. ಎರಡನೇ ಪುಟದಲ್ಲಿ ವಂಶ, ಗಣ, ವರ್ಗ ಅಂತ ಪಟ್ಟಿ. ರೇಷನ್ ಕಾರ್ಡ್ ಓದಿದ ಹಾಗಾಯಿತು. ಕೊಟ್ಟಕೊನೆಗೆ, ‘ಇದು ಬಸವನಹುಳು ಹೌದೋ ಅಲ್ಲವೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ’ ಎಂದು ಹೇಳಿ ಎದ್ದು ಹೋಗಿದ್ದೀರಿ. ಅಲ್ರೀ, ಲೇಖನ ಶುರುವಾಗಬೇಕಾದದ್ದೇ ಅಲ್ಲಿ!

ನನ್ನ ಮೇಜಿನ ಮೇಲೆ ಕಾಗದ ಹಾರದಿರಲಿ ಅಂತ ಇಟ್ಟ ಶಂಖವೊಂದಿದೆ. ಅದರ ಸುರುಳಿ ಒಂದು ಪಕ್ಕಕ್ಕೆ ಜಾರುತ್ತಾ ಹೋಗಿ ಮೊನೆಯಾಗುತ್ತದೆ. ಎಡಮುರಿ, ಬಲಮುರಿ ಅನ್ನುವುದು ಅದಕ್ಕೇ ಅಲ್ವಾ? ಬೆಲ್ಲೆರೋಫಾನ್ ಎರಡೂ ಅಲ್ಲ. ಟೇಪು ಸುತ್ತಿದ ಹಾಗೆ ತನ್ನ ಮೇಲೆ ತಾನೇ ಸುತ್ತಿಕೊಂಡ ಚಿಪ್ಪು ಅದು. ನಟ್ಟನಡುವೆ ಕೊಯ್ದರೆ ಎಡವೂ ಬಲವೂ ಕನ್ನಡಿಯಲ್ಲಿ ಕಂಡಷ್ಟು ಸಮ. ಬಾಯಂಚಿನ ನಡುವೆ ಒಂದು ಸೀಳು. ಚಿಪ್ಪು ಬೆಳೆದಂತೆ ಸೀಳು ಹಿಂದಿನಿಂದ ಮುಚ್ಚುತ್ತಾ ಬಂದ ಗುರುತು ಬೆನ್ನುದ್ದಕ್ಕೂ ಪಟ್ಟಿಯಾಗಿ ಉಳಿದಿದೆ. ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ. ಜಗಳವೆಲ್ಲ ಹುಟ್ಟಿದ್ದೇ ಈ ಚಿಪ್ಪಿನಿಂದ.

1808ರಲ್ಲಿ ಫ್ರಾನ್ಸಿನ ಡೆನಿ ದ ಮೋಂಫೋರ್ ಹೆಸರಿಟ್ಟರು. ಮೊದಮೊದಲು ಕೆಲವರು ಇದನ್ನು ನಾಟಿಲಸ್, ಆಕ್ಟೋಪಸ್ ಬಳಗಕ್ಕೆ ತಳ್ಳಿದ್ದೂ ಉಂಟು. ಆಮೇಲಿನ ಪ್ರಶ್ನೆ ಇನ್ನೂ ಸೊಗಸು. ಬಸವನಹುಳುವನ್ನು ಬಸವನಹುಳು ಮಾಡುವುದು ಚಿಪ್ಪಲ್ಲ, ಒಳಗಿನ ತಿರುಚು. ಮರಿಯಾಗಿದ್ದಾಗಲೇ ಒಳಗಿನ ಅಂಗಗಳು 180 ಡಿಗ್ರಿ ತಿರುಗಿ, ಗುದದ್ವಾರ ಬಂದು ತಲೆಯ ಮೇಲೆ ಕೂರುತ್ತದೆ. (ಓದುಗರು ನಗುವ ಜಾಗ ಇದು, ಬಿಡಬೇಡಿ.) ಆದರೆ ಮೆತ್ತನೆಯ ಮೈ ಕಲ್ಲಿನಲ್ಲಿ ಉಳಿದಿಲ್ಲ. ಹಾಗಿದ್ದರೆ ಬೆಲ್ಲೆರೋಫಾನ್ ತಿರುಚಿಕೊಂಡಿತ್ತೋ ಇಲ್ಲವೋ, ಹೇಳುವುದು ಹೇಗೆ?

ಒಂದು ಕಡೆಯವರು ಸೀಳನ್ನು ತೋರಿಸುತ್ತಾರೆ. ತಲೆಯ ಮೇಲಿನ ಹೊಲಸು ನೀರು ಹೊರಹೋಗಲು ದಾರಿ ಅದು, ಹಾಗಾಗಿ ಬಸವನಹುಳುವೇ. ಇನ್ನೊಂದು ಕಡೆಯವರು ಚಿಪ್ಪಿನ ಒಳಗೋಡೆಯಲ್ಲಿ ಸ್ನಾಯು ಅಂಟಿಕೊಂಡಿದ್ದ ಜೋಡಿ ಗುರುತುಗಳನ್ನು ತೋರಿಸುತ್ತಾರೆ. ಎರಡೂ ಪಕ್ಕ ಸಮ, ಅಂದರೆ ಇದು ತಿರುಚಿಕೊಂಡೇ ಇಲ್ಲ, ಮೋನೋಪ್ಲಾಕೋಫೊರಾ ಎಂಬ, ಒಂದೇ ಚಿಪ್ಪಿನ, ಮೈ ತಿರುಚಿಕೊಳ್ಳದ ಮೃದ್ವಂಗಿಗಳ ಗುಂಪಿನದು. 1952ರಲ್ಲಿ ಡೆನ್ಮಾರ್ಕಿನ ಗಲಾಥಿಯಾ ಹಡಗು ಪೆಸಿಫಿಕ್ ಸಾಗರದ ಆಳದಿಂದ ಆ ಗುಂಪಿನದೇ ಆದ ನಿಯೋಪಿಲಿನಾ ಎಂಬ ಜೀವಿಯನ್ನು ಎತ್ತುವವರೆಗೆ ಆ ಗುಂಪೇ ಅಳಿದುಹೋಗಿದೆ ಎಂದುಕೊಂಡಿದ್ದರು. ಈಗ ಜಾಸ್ತಿ ಜನ ಬಸವನಹುಳು ಪಕ್ಷದಲ್ಲಿದ್ದಾರೆ. ನೀವು ಯಾವ ಕಡೆ? ಓದಿದ್ದೀರಿ, ಹೇಳಿ.

ಒಂದು ತಪ್ಪು ತಿದ್ದಲೇಬೇಕು. ‘ಡೈನೋಸಾರ್‌ಗಳ ವೈಭವದ ಕಾಲದಲ್ಲಿ’ ಎಂದಿದ್ದೀರಿ. ಸುಮಾರು 25 ಕೋಟಿ ವರ್ಷದ ಹಿಂದಿನ ಮಹಾ ಅಳಿವು ಈ ಬಳಗದ ಸೊಂಟ ಮುರಿಯಿತು. ಅಳಿದುಳಿದವು ಅದರ ಬೆನ್ನಿಗೇ ಬಂದ ಟ್ರಯಾಸಿಕ್ ಯುಗದ ಶುರುವಿನಲ್ಲೇ ಮುಗಿದವು. ಡೈನೋಸಾರ್‌ಗಳು ಬಂದದ್ದು ಆಮೇಲೆ.

ತಿದ್ದಿ ಕಳಿಸಿ. ಫೋಟೋ ಮಾತ್ರ ಪಕ್ಕದಿಂದ ತೆಗೆದದ್ದು ಬೇಡ, ಸೀಳು ಕಾಣುವ ಹಾಗೆ ಬಾಯಿಯ ಕಡೆಯಿಂದ ತೆಗೆದದ್ದು ಇರಲಿ.